ಮೂರನೆಯ ಸಾಲಿನ ಉಸಿರು

ಆ ದಿನ ಗೋಡೆಯ ಆಚೆಯಿಂದ "ಲಾಭ" ಎಂಬ ದನಿ ಬರಲಿಲ್ಲ.

ಮಂಗಳ ಪದ್ಯದ ಮೂರನೆಯ ಸಾಲನ್ನು ಎತ್ತಿಕೊಂಡಿದ್ದ ನೀಲಾಂಬಿಕ ಅಲ್ಲೇ ನಿಂತುಬಿಟ್ಟಳು. ಕಿಟಕಿಯಲ್ಲಿ ಇನ್ನೂ ಬೂದಿಬಣ್ಣದ ಬೆಳಕು. ಕಂಬಳಿಯ ಮೇಲೆ ಕೂತಿದ್ದ ಅಜ್ಜಿ ದ್ಯಾಮಮ್ಮ, ಕಾಣದ ಕಣ್ಣುಗಳನ್ನು ಮೊಮ್ಮಗಳ ಕಡೆ ತಿರುಗಿಸಿದಳು.

"ಯಾಕವ್ವಾ, ನಿಂತೆ?"

"ಆ ಕಡೆ ಸದ್ದೇ ಇಲ್ಲ ಅಜ್ಜಿ."

"ಇಲ್ದಿದ್ರೆ ಒಳ್ಳೇದಾತು. ಪುರಾಣ ನೆಟ್ಟಗೆ ಕೇಳ್ತೈತಿ. ಓದು."

ನೀಲಾ ಓದಿದಳು. ಓದಿದ್ದು ಬಾಯಿ ಮಾತ್ರ. ಕಿವಿ ಗೋಡೆಗೆ ಅಂಟಿಕೊಂಡಿತ್ತು.

ಶಿಕಾರಿಪುರದ ಆ ಓಣಿಯಲ್ಲಿ ಅವಳ ತಂದೆ ಮಲ್ಲೇಶಪ್ಪನವರ ಮನೆಗೂ ಕರಿಯಣ್ಣ ಉಸ್ತಾದರ ಗರಡಿಗೂ ನಡುವೆ ಇರುವುದು ಒಂದೇ ಗೋಡೆ. ಹೊತ್ತೇರಿದ ಮೇಲೆ ಆಚೆ ಹತ್ತು ಹನ್ನೆರಡು ಜನ ಸಾಮು ಮಾಡುತ್ತಾರೆ. ಅವರೆಲ್ಲರಲ್ಲಿ ಅವಳಿಗೆ ಬೇಕಾದ ಸದ್ದು ಒಂದೇ. ಉಳಿದವರು ಬಸ್ಕಿ ಹೊಡೆಯುವಾಗ ಒಂದು, ಎರಡು ಎಂದು ಎಣಿಸಿದರೆ, ಎಲ್ಲರಿಗಿಂತ ಮೊದಲು ನಸುಕಿನಲ್ಲೇ ಬರುವ ಒಬ್ಬ ಮಾತ್ರ "ಲಾಭ, ಎರಡು, ಮೂರು" ಎನ್ನುತ್ತಿದ್ದ. ಅವನು ಮಹೇಶ್ವರಪ್ಪ, ಭತ್ತದ ವ್ಯಾಪಾರದ ಮನೆಯ ಮಗ. ಭತ್ತ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ತೊಟ್ಟಿಲಿನಿಂದ ಕೇಳಿದ ಎಣಿಕೆ, ಬೆವರು ಸುರಿಯುವಾಗಲೂ ಅವನ ನಾಲಗೆ ಬಿಟ್ಟಿರಲಿಲ್ಲ.

ನೂರಾದ ಮೇಲೆ ಮತ್ತೆ ಲಾಭ. ಐದು ಲಾಭ ಕೇಳುವ ಹೊತ್ತಿಗೆ ಅವಳ ಓದಿನಲ್ಲಿ ಒಂದು ಸಂಧಿ ಮುಗಿಯುತ್ತಿತ್ತು. ಆಮೇಲೆ ಗದೆಯ ಗುಯ್‌ಗುಡುವ ಸದ್ದು. ಮೂರು ವರ್ಷ ಹೀಗೇ ಬೆಳಗಾಗಿತ್ತು.

ಮಾತು ಆಡಿದ್ದು ಕಡಿಮೆ. ಗರಡಿಯ ಕೆಮ್ಮಣ್ಣನ್ನು ಹದ ಮಾಡಲು ಪ್ರತಿ ಶನಿವಾರ ಮಜ್ಜಿಗೆ, ಅರಿಶಿನ ಮಲ್ಲೇಶಪ್ಪನವರ ಮನೆಯಿಂದ ಹೋಗಬೇಕು. ಅದು ತಾತನ ಕಾಲದ ನೇಮ. ಹೆಣ್ಣುಮಕ್ಕಳು ಗರಡಿಯ ಹೊಸ್ತಿಲು ದಾಟುವಂತಿಲ್ಲ. ನೀಲಾ ಹೊಸ್ತಿಲಾಚೆ ನಿಂತು ಬಳೆ ಸದ್ದು ಮಾಡಿದರೆ ಮಹೇಶ್ವರಪ್ಪನೇ ಬಂದು ಗಡಿಗೆ ಇಸಿದುಕೊಳ್ಳುತ್ತಿದ್ದ. ಖಾಲಿ ಗಡಿಗೆಯಲ್ಲಿ ಅಜ್ಜಿಯ ಮೊಣಕಾಲಿಗೆ ಹಚ್ಚಲೆಂದು ಒಂದು ಹಿಡಿ ಗರಡಿ ಮಣ್ಣು ಹಾಕಿ ಕೊಡುತ್ತಿದ್ದ.

"ಅಜ್ಜಿ ಮೊಣಕಾಲು ಹೆಂಗದಾವ್ರೀ?"

"ಹಂಗೇ ಅದಾವ್ರೀ."

ಮೂರು ವರ್ಷದ ಮಾತುಕತೆ ಇಷ್ಟೇ. ಅವನು ಗಡಿಗೆಯ ಬಾಯಿ ನೋಡುತ್ತಿದ್ದ, ಅವಳು ಅವನ ಉಗುರಿನೊಳಗಿನ ಕೆಂಪು ಮಣ್ಣು ನೋಡುತ್ತಿದ್ದಳು. ಒಮ್ಮೆ ಮಾತ್ರ ಗಡಿಗೆಯ ಕಂಠದ ಮೇಲೆ ಇಬ್ಬರ ಬೆರಳೂ ಒಟ್ಟಿಗೆ ಇದ್ದವು. ಇಬ್ಬರೂ ಬಿಡಲಿಲ್ಲ. ಒಂದು ಬಸ್ಕಿ ಹೊಡೆದು ಏಳುವಷ್ಟು ಹೊತ್ತು.

ದಸರೆ ಕಳೆದ ಮೇಲೆ ಕರಿಯಣ್ಣನ ಕೈಲಿ ಹುಡುಗನ ಮನೆಗೆ ಮಾತು ಕಳಿಸಬೇಕೆಂದು ಅಪ್ಪ ಅವ್ವನ ಹತ್ತಿರ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಅಪ್ಪನಿಗೆ ಪೈಲ್ವಾನರೆಂದರೆ ಪ್ರಾಣ. ಅವಳಿಗೆ ಆ ದಿನದಿಂದ ಲಾಭ ಎಂಬ ಮಾತು ಕೇಳಿದರೆ ಕೆನ್ನೆ ಬಿಸಿಯಾಗುತ್ತಿತ್ತು.

ಈಗ ಆ ದನಿಯೇ ಇಲ್ಲ.

ಶನಿವಾರ ಗಡಿಗೆ ತೆಗೆದುಕೊಳ್ಳಲು ಬಂದವರು ಉಸ್ತಾದರು. ಆ ಗುಡಾಣದಂಥ ಮೈ, ಸಣ್ಣ ದನಿ.

"ಸೊರಬದ ಕುಸ್ತ್ಯಾಗ ಅವನ ಕಾಲಿನ ಗಿಣ್ಣು ತಪ್ಪೇತವ್ವ. ಅಲ್ಲೇ ಮಹಾಬಲ ಮೇಷ್ಟ್ರು ಅಂತ ಅದಾರ, ಎಲುಬು ಕೂಡಿಸ್ತಾರ, ಯೋಗಾನೂ ಕಲಿಸ್ತಾರ. ಅವ್ರ ಮನಿಯಾಗ ಬಿದ್ದಾನ."

ನೀಲಾಳಿಗೆ ಕೇಳಬೇಕಾದ ಮಾತು ನೂರಿತ್ತು. "ಅಜ್ಜಿಗೆ ಮಣ್ಣು," ಎಂದಳು.

"ಅಯ್ಯ, ಅದೆಲ್ಲ ಅವನ ಕೆಲಸ. ನಂಗೇನು ಗೊತ್ತು," ಎಂದು ಉಸ್ತಾದರು ಖಾಲಿ ಗಡಿಗೆಯನ್ನೇ ಕೊಟ್ಟರು.

ಎರಡು ವಾರ ಕಳೆಯಿತು. ಮೂರನೆಯ ಶನಿವಾರ ನೀಲಾ ಬಳೆ ಸದ್ದು ಮಾಡಿದಳು. ಯಾರೂ ಬರಲಿಲ್ಲ. ಇನ್ನೊಮ್ಮೆ ಮಾಡಿದಳು. ಬಾಗಿಲು ತೆರೆದೇ ಇತ್ತು. ಹೊಸ್ತಿಲು ದಾಟದೆ ಕತ್ತು ಮಾತ್ರ ಒಳಗೆ ಚಾಚಿದಳು.

ಕೆಮ್ಮಣ್ಣಿನ ನಡುವೆ ಎರಡು ಪಾದಗಳು ಆಕಾಶ ನೋಡುತ್ತಿದ್ದವು. ಅವುಗಳ ಕೆಳಗೆ ಕಾಲು, ಕಾಲಿನ ಕೆಳಗೆ ಮೈ, ಎಲ್ಲಕ್ಕಿಂತ ಕೆಳಗೆ ನೆಲಕ್ಕೆ ತಲೆಯೂರಿ ಮಹೇಶ್ವರಪ್ಪ.

ಅವನ ಕಣ್ಣು ತೆರೆಯಿತು. ಮೂರು ವರ್ಷದಲ್ಲಿ ಅವರಿಬ್ಬರ ನೋಟ ನೇರವಾಗಿ ಕೂಡಿದ್ದು ಅದೇ ಮೊದಲು. ಅದೂ ತಲೆಕೆಳಗಾಗಿ.

ಗಡಿಗೆ ಅವಳ ಕೈಯಿಂದ ಜಾರಿ ಹೊಸ್ತಿಲಿಗೆ ಬಿದ್ದು ಒಡೆಯಿತು.

"ಹೆದರಬ್ಯಾಡ್ರೀ," ಎಂದಿತು ಕೆಳಗಿನ ಮುಖ. "ನಾನೇ."

"ನೀವು ಅಂತ ಗೊತ್ತಾತು. ಹಿಂಗ್ಯಾಕೆ?"

"ನಲವತ್ತೆಂಟು ದಿನ ಕಾಲ ಮೇಲೆ ಭಾರ ಹಾಕಬ್ಯಾಡ ಅಂದಾರ ಮೇಷ್ಟ್ರು. ಅದಕ್ಕೆ ತಲಿ ಮೇಲೆ ನಿಂತೀನಿ."

ನಗಬೇಕೋ ಅಳಬೇಕೋ ತಿಳಿಯದೆ ನೀಲಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅವನು ಮೆಲ್ಲನೆ ಕಾಲಿಳಿಸಿ, ಗೋಡೆ ಹಿಡಿದು ಕುಂಟುತ್ತ ಬಂದು ಹೊಸ್ತಿಲ ಒಳಗೆ ಕೂತ. ಅವಳು ಹೊರಗೆ ಕೂತಳು. ಇಬ್ಬರೂ ಚೂರು ಆರಿಸತೊಡಗಿದರು. ಮಜ್ಜಿಗೆ ಹೊಸ್ತಿಲಿನ ಎರಡೂ ಕಡೆ ಹರಿಯಿತು.

"ಅಜ್ಜಿ ಮೊಣಕಾಲು ಹೆಂಗದಾವ್ರೀ?"

"ನಿಮ್ಮ ಕಾಲಿಗಿಂತ ಚಲೋ ಅದಾವ."

ಅವನು ನಕ್ಕ. ತಲೆಕೆಳಗಾಗಿ ನಿಂತದ್ದಕ್ಕೋ ಏನೋ, ಮುಖ ಇನ್ನೂ ಕೆಂಪಾಗಿತ್ತು. "ಮೇಷ್ಟ್ರು ಏನಂದ್ರು ಗೊತ್ತೇನ್ರೀ? ಎಂಥ ಮಾರಾಯ, ಎಮ್ಮೆ ಹಂಗೆ ಉಸಿರು ಬಿಡ್ತೀಯಲ್ಲ, ಉಸಿರಾಡೋದು ಕಲ್ತಿದ್ದರೆ ಕಾಲು ಉಳೀತಿತ್ತು, ಅಂದ್ರು. ಈಗ ಉಸಿರಾಡೋದು ಕಲೀತಿದ್ದೀನಿ. ಇಪ್ಪತ್ತಾರು ವರ್ಷಕ್ಕೆ."

ಆ ನಗುವನ್ನು ಹೊತ್ತುಕೊಂಡು ನೀಲಾ ಮನೆಗೆ ಬಂದಳು. ಗಡಿಗೆ ಎಲ್ಲಿ ಎಂದು ಅವ್ವ ಕೇಳಿದಾಗ ಸೆರಗಿನಲ್ಲಿದ್ದ ಚೂರು ತೋರಿಸಿದಳು.

ಮರುದಿನದಿಂದ ಗೋಡೆಯಾಚೆ ಅವನಿದ್ದಾನೆಂದು ಗೊತ್ತಿತ್ತು, ಸದ್ದು ಮಾತ್ರ ಇರಲಿಲ್ಲ. ಇದ್ದೂ ಇಲ್ಲದ ಹಾಗೆ. ಅಜ್ಜಿಗೆ ದಿನವೂ ಅದೇ ಮಂಗಳ ಪದ್ಯದಿಂದ ಶುರುವಾಗಬೇಕು. ಆರು ಸಾಲಿನ ಆ ಪದ್ಯದಲ್ಲಿ ಮೂರನೆಯದೂ ಆರನೆಯದೂ ಉದ್ದದ ಸಾಲು. ಒಂದೇ ಉಸಿರಿನಲ್ಲಿ ಎಳೆದು ಇಳಿಸಬೇಕು. ನೀಲಾ ಮೊದಲಿಗಿಂತ ದನಿ ಎತ್ತಿ ಓದಿದಳು. ಕೇಳುವವರು ಇದ್ದಾರೋ ಇಲ್ಲವೋ ಎಂದು ತಿಳಿಯದೆ ಗವಿಯೊಳಕ್ಕೆ ಹೆಸರು ಕರೆದಂತೆ.

ನಲವತ್ತೆಂಟು ದಿನ ಮುಗಿದ ಬೆಳಿಗ್ಗೆ ಉಸಿರು ಬಿಗಿಹಿಡಿದು ಕಾದಳು. ಈಗ ಲಾಭ ಎನ್ನುತ್ತಾನೆ. ಈಗ.

ಅನ್ನಲಿಲ್ಲ. ಮರುದಿನವೂ ಇಲ್ಲ.

ಮೂರನೆಯ ದಿನ ಕರಿಯಣ್ಣ ಉಸ್ತಾದರು ಮನೆಗೆ ಬಂದು ಅಪ್ಪನ ಮುಂದೆ ಜಗುಲಿಯ ಮೇಲೆ ಕುಸಿದು ಕೂತರು. ನೀಲಾ ಒಳಗೆ ಅಕ್ಕಿ ಕೇರುತ್ತಿದ್ದಳು.

"ಕೆಟ್ಟೆ ಮಲ್ಲೇಶಣ್ಣ. ಮಹೇಶ ಕೈಬಿಟ್ಟ. ಕಾಲು ನೆಟ್ಟಗಾಗೇತಿ, ಗದೆ ಮುಟ್ಟಲ್ಲ ಅಂತಾನ. ಬಸ್ಕಿ ಇಲ್ಲ, ದಂಡ ಇಲ್ಲ. ಇನ್ನು ಮೇಲೆ ಬರೇ ಯೋಗ ಅಂತಾನ."

"ಯೋಗ ಅಂದ್ರೆ?"

"ಬೆಳಗ್ಗೆ ಎದ್ದು ಸ್ನಾನ ಮಾಡಿ ಲಿಂಗ ಅಂಗೈಯಾಗ ಇಟ್ಕೊಂಡು ಕೂತ್ರೆ, ಕಾವಿಗೆ ಕೂತ ಕೋಳಿ ಹಂಗ, ಮಿಸುಗಲ್ಲ. ಆಮೇಲೆ ಕೈಕಾಲು ಗಂಟು ಹಾಕ್ಕೋತಾನ. ಎರಡು ಸೇರು ಹಾಲು ಕುಡಿಯೋನು, ಈಗ ಅರ್ಧ ಲೋಟ. ಮಠಕ್ಕೆ ಬ್ಯಾರೆ ಮೂರು ಸಲ ಹೋಗಿ ಬಂದಾನ. ಸ್ವಾಮಿಗಳು ತಮ್ಮ ಪೀಠಕ್ಕೆ ಮರಿ ಹುಡುಕ್ತಿದ್ರು ನೋಡು. ಊರಾಗ ಎಲ್ಲರೂ ಅದೇ ಆಡ್ಕೊಳ್ಳಾಕತ್ತಾರ. ಸಂಸಾರದ ಕಡೆಗಿಲ್ಲ ಅವನ ಮನಸ್ಸು."

ನೀಲಾಳ ಕೈಯಲ್ಲಿ ಮೊರ ಹಾಗೇ ನಿಂತಿತು. ಕಾವಿ ಉಟ್ಟು, ಸ್ವಾಮಿಗಳ ಹಿಂದೆ ಎರಡು ಹೆಜ್ಜೆ ಬಿಟ್ಟು ನಡೆಯುವ ಮಹೇಶ್ವರಪ್ಪನನ್ನು ಅವಳ ಕಣ್ಣು ತಾನೇ ಕಂಡಿತು. ಎದುರಿಗೆ ಸಿಕ್ಕರೆ ಅವಳು ಅವನ ಪಾದ ಮುಟ್ಟಿ ನಮಸ್ಕರಿಸಬೇಕು. ಅವನು ಅವಳನ್ನು ತಾಯಿ ಎನ್ನಬೇಕು.

ಜಗುಲಿಯಿಂದ ಅಪ್ಪನ ಮಾತು ಕೇಳಿಸಿತು. "ಶಿವನ ಕಡೆ ಹೋಗೋನನ್ನ ತಡೀಬಾರದು ಕರಿಯಣ್ಣ. ಸೊರಬದ ಸಂಬಂಧ ಒಂದು ಬಂದಿತ್ತು, ನಾನೇ ತಡೆದಿಟ್ಟಿದ್ದೆ. ಬರಲಿ ಅಂತ ಹೇಳಿ ಕಳಿಸ್ತೀನಿ."

ಮರುದಿನ ಬೆಳಿಗ್ಗೆ ನೀಲಾ ಪುಸ್ತಕ ಬಿಚ್ಚಲಿಲ್ಲ.

"ಗಂಟಲು ಕೆಟ್ಟೈತೇನವ್ವಾ?" ಅಜ್ಜಿ ಕೇಳಿದಳು.

"ಹೂಂ ಅಜ್ಜಿ."

ಅಜ್ಜಿ ಕೈಚಾಚಿ ಅವಳ ಗಂಟಲು ಸವರಿದಳು, ಆಮೇಲೆ ಕೆನ್ನೆ ಸವರಿದಳು. ಕೈ ಒದ್ದೆಯಾಯಿತು. ಹತ್ತು ದಿನ ನಸುಕಿನಲ್ಲಿ ಗೋಡೆಯ ಎರಡೂ ಕಡೆ ಮೌನವೇ ಇತ್ತು. ಶನಿವಾರದ ಮಜ್ಜಿಗೆಯನ್ನು ಅವ್ವ ನಿರ್ಮಲಮ್ಮ ಒಯ್ದು ಕೊಟ್ಟಳು.

ಸೊರಬದವರು ಭಾನುವಾರ ಸಂಜೆ ಬಂದರು. ಹುಡುಗ ಸದಾಶಿವಪ್ಪ, ಅವನ ದೊಡ್ಡಪ್ಪ. ಹುಡುಗ ಸಭ್ಯ. ಕಣ್ಣೆತ್ತಿ ಒಮ್ಮೆ ನೋಡಿ, ಆಮೇಲೆ ತನ್ನ ಕಾಫಿ ಲೋಟ ನೋಡಿದ. ದೊಡ್ಡಪ್ಪನಿಗೆ ಮಾತು ಹೆಚ್ಚು.

"ಕ್ಯಾಸನೂರು ಕಡೆ ಮಂಗಗಳು ಮರದಿಂದ ಉದುರಿ ಬಿದ್ದು ಸಾಯ್ತಿದ್ದಾವೆ ಮಾರಾಯ್ರೆ. ಸೊಪ್ಪಿಗೆ ಹೋದ ಜನಕ್ಕೂ ಜ್ವರ. ಕಾಡಿಗೆ ಕಾಲಿಡೋ ಹಂಗಿಲ್ಲ. ಇರಲಿ, ಒಳ್ಳೆ ಕೆಲಸಕ್ಕೆ ಬಂದು ಇದೆಂಥ ಮಾತು. ಹುಡುಗಿ ಪುರಾಣ ಚಂದ ಓದ್ತಾಳೆ ಅಂತ ಕೇಳಿದೀವಿ. ಒಂದು ಪದ್ಯ ಆಗಲಿ."

ಅವ್ವ ಬೆನ್ನು ಮುಟ್ಟಿದಳು. ಅಜ್ಜಿ ಮೂಲೆಯಲ್ಲಿ ನೆಟ್ಟಗೆ ಕೂತಳು.

ಬೇರೆ ಪದ್ಯ ನೆನಪಾಗಲಿಲ್ಲ. ನೀಲಾ ಮಂಗಳ ಪದ್ಯವನ್ನೇ ಎತ್ತಿದಳು. ಹತ್ತು ದಿನ ಮುಚ್ಚಿಟ್ಟಿದ್ದ ದನಿ ಮೊದಲ ಸಾಲಿನಲ್ಲಿ ನಡುಗಿತು, ಎರಡನೆಯದರಲ್ಲಿ ನಿಂತುಕೊಂಡಿತು. ಮೂರನೆಯ ಸಾಲು ಬಂತು. ಎಳೆಯಬೇಕು. ಅಲ್ಲೇ, ಆ ಉದ್ದದ ಸಾಲಿನ ಮಧ್ಯದಲ್ಲೇ ತಾನು ಅಂದು ನಿಂತದ್ದು, ಲಾಭ ಎಂಬ ದನಿ ಬಾರದ ದಿನ. ಸಾಲು ಹೇಗೋ ಮುಗಿಯಿತು. ನಾಲ್ಕನೆಯದಕ್ಕೆ ಬಾಯಿ ತೆರೆದಳು, ಉಸಿರೇ ಬರಲಿಲ್ಲ.

ದೊಡ್ಡಪ್ಪನ ಲೋಟ ಬಾಯಿಯ ಹತ್ತಿರ ನಿಂತಿತು.

ಆಗ ಗೋಡೆ ಓದಿತು.

ನಾಲ್ಕನೆಯ ಸಾಲು. ಗಂಡು ದನಿ, ದಪ್ಪ, ರಾಗ ಸ್ವಲ್ಪ ಒರಟು, ಆದರೆ ಏರಿಳಿತ ಎಲ್ಲವೂ ಅವಳದೇ. ಅವಳು ಎಲ್ಲಿ ತಿರುಗಿಸುತ್ತಿದ್ದಳೋ ಅಲ್ಲೇ ತಿರುಗಿತು. ಐದನೆಯ ಸಾಲು. ಕೊನೆಯ ಉದ್ದದ ಆರನೆಯ ಸಾಲನ್ನು ಒಂದೇ ಉಸಿರಿನಲ್ಲಿ ನಿಧಾನವಾಗಿ ಇಳಿಸಿ, ದನಿ ನಿಂತಿತು.

ಅಪ್ಪನ ಬಾಯಿ ತೆರೆದದ್ದು ತೆರೆದೇ ಇತ್ತು. ಅವ್ವ ಗೋಡೆಯನ್ನು ದೆವ್ವ ಕಂಡಂತೆ ನೋಡಿದಳು. ಅಜ್ಜಿಯೊಬ್ಬಳೇ ಬೊಚ್ಚುಬಾಯಿ ಬಿಟ್ಟು ನಕ್ಕಳು.

"ದಿನಾ ಆ ಕಡೆ ಯಾರೋ ಗುನುಗಿದಂಗ ಕೇಳ್ತಿತ್ತು. ನನ್ನ ಕಿವಿ ಕೆಟ್ಟಿಲ್ಲ ಅಂತಾತು."

ಮೊದಲು ಮಾತಾಡಿದವನು ಸೊರಬದ ಹುಡುಗ. "ಗೋಡೆ ಆಚೆ ಯಾರ್ರೀ?"

"ಒಬ್ಬ ಪೈಲ್ವಾನ," ಎಂದರು ಅಪ್ಪ. ಒಂದು ಕ್ಷಣ ಬಿಟ್ಟು, "ಪೈಲ್ವಾನ ಆಗಿದ್ದ. ನಿಮ್ಮೂರ ಕುಸ್ತ್ಯಾಗ ಬಿದ್ದ ಮೇಲೆ ಬಿಟ್ಟ."

ಸದಾಶಿವಪ್ಪ ಈ ಸಲ ನೀಲಾಳ ಮುಖವನ್ನು ಸರಿಯಾಗಿ ನೋಡಿದ. ಅಲ್ಲಿ ಏನು ಓದಿಕೊಂಡನೋ, ಲೋಟ ಕೆಳಗಿಟ್ಟು ಎದ್ದ. "ದೊಡ್ಡಪ್ಪ, ಬಸ್ಸಿಗೆ ಹೊತ್ತಾಗ್ತದೆ. ಉಳಿದ ಅರ್ಧ ಪದ್ಯ ನನಗಂತೂ ಬರಲ್ಲ." ಬಾಗಿಲಲ್ಲಿ ಅಪ್ಪನಿಗೆ ಕೈಮುಗಿದು, "ಬೇಜಾರು ಮಾಡ್ಕೋಬೇಡಿ ಯಜಮಾನ್ರೆ. ನಮ್ಮೂರಲ್ಲಿ ಬಿದ್ದು ಇದನ್ನೆಲ್ಲ ಕಲಿತಿದ್ದರೆ, ಮದುವೆ ಊಟಕ್ಕೆ ನಮ್ಮನ್ನೂ ಕರೀಬೇಕಾಗ್ತದೆ," ಎಂದ.

ಅವರು ತಿರುವು ದಾಟಿದ್ದೇ ಅಪ್ಪ ಗರಡಿಯ ಕಡೆ ದಾಪುಗಾಲು ಹಾಕಿದರು. ನೀಲಾ ಹಿಂದೆಯೇ ಓಡಿ ಹೊಸ್ತಿಲಿಗೆ ಬಂದು ನಿಂತಳು.

ಮಹೇಶ್ವರಪ್ಪ ಚಾಪೆಯ ಮೇಲಿಂದ ಎದ್ದು ನಿಂತಿದ್ದ. ಪಕ್ಕದಲ್ಲಿ ಉಸ್ತಾದರು, ಗಲ್ಲದ ಮೇಲೆ ಕೈ.

"ಏನಪ್ಪಾ ಇದು?"

"ತಪ್ಪಾತು ಯಜಮಾನ್ರೇ. ಪದ್ಯ ಅರ್ಧಕ್ಕೆ ನಿಂತಿತ್ತು. ತಡ್ಕೊಳ್ಳಾಕಾಗಲಿಲ್ಲ."

"ಮಠಕ್ಕೆ ಮರಿ ಆಗೋನು ಹೆಣ್ಣು ನೋಡೋ ಮನಿಯಾಗ ಪದ್ಯ ಹೇಳ್ತಾನೇನು?"

"ಯಾರು ಮರಿ?"

"ನೀನು."

ಮಹೇಶ್ವರಪ್ಪ ಅಪ್ಪನನ್ನು ನೋಡಿದ, ಉಸ್ತಾದರನ್ನು ನೋಡಿದ. ಉಸ್ತಾದರು ಸೂರು ನೋಡಿದರು. ಸೊರಬದ ಅಖಾಡದಲ್ಲಿ ಬಿದ್ದಾಗಲೂ ಅವನ ಮುಖ ಅಷ್ಟು ಬಿಳಿಚಿರಲಿಕ್ಕಿಲ್ಲ. ನೋಟ ಕೊನೆಗೆ ಹೊಸ್ತಿಲಿಗೆ ಬಂತು.

"ನೀವೂ ನಂಬಿದ್ರೇನ್ರೀ?"

"ಮೂರು ಸಲ ಮಠಕ್ಕೆ ಹೋಗಿದ್ರಂತೆ," ಎಂದಳು ನೀಲಾ.

ಅವನು ಆಂಜನೇಯನ ಪಟದ ಕೆಳಗಿನ ಗೂಡಿನಿಂದ ಒಂದು ಹಳೆಯ ಪುಸ್ತಕ ತಂದು ತೋರಿಸಿದ. ಅವಳು ಓದುವ ಅದೇ ಪುರಾಣ. "ಇದಕ್ಕೆ ಹೋಗಿದ್ದೆ. ಎರಡನೇ ಸಾಲಿನಾಗ ಒಂದು ಮಾತು ಗೋಡೆ ಆಚೆಯಿಂದ ಸರಿಯಾಗಿ ಕೇಳ್ತಿರಲಿಲ್ಲ. ಎರಡು ಸಲ ಹೋದಾಗ ಪುಸ್ತಕ ಬ್ಯಾರೆಯವ್ರು ಒಯ್ದಿದ್ರು."

"ಬರೇ ಅದಕ್ಕೆ ಗದೆ ಬಿಟ್ಯೇನೋ?" ಉಸ್ತಾದರು ಮೊದಲ ಸಲ ಬಾಯಿಬಿಟ್ಟರು.

"ಮೂರು ವರ್ಷ ಈ ಗೋಡೆ ಪಕ್ಕದಾಗೇ ಬಸ್ಕಿ ಹೊಡದೀನಿ ಉಸ್ತಾದ್ರೇ. ಇದಕ್ಕೆ ದನಿ ಐತಿ ಅಂತಾನೇ ಗೊತ್ತಿರಲಿಲ್ಲ. ಕಾಲು ಮುರ್ಕೊಂಡು ಬಂದು ಸುಮ್ಮನೆ ಕೂತೆ ನೋಡ್ರೀ, ಮೊದಲನೇ ದಿನಾನೇ ಕೇಳಿಸ್ತು. ಉಸಿರು ಎಷ್ಟು ಹೊತ್ತು ಹಿಡೀಬೇಕು ಅಂತ ಎಣಿಸ್ಕೋ ಅಂದಿದ್ರು ಮೇಷ್ಟ್ರು. ನಾನು ಎಣಿಸೋದು ಬಿಟ್ಟೆ. ಒಂದು, ಎರಡನೇ ಸಾಲಿಗೆ ಉಸಿರು ಎಳ್ಕೊಳ್ಳೋದು, ಮೂರನೇ ಸಾಲು ಮುಗಿಯೋ ತನಕ ಹಿಡಿಯೋದು, ಆಮೇಲೆ ಬಿಡೋದು." ಅವನು ತಲೆ ತಗ್ಗಿಸಿದ. "ಗದೆ ಎತ್ತಿದ್ರೆ ಮತ್ತೆ ನನ್ನ ಸದ್ದೇ ನನಗೆ ಕೇಳ್ತೈತಿ. ಅದಕ್ಕೆ ಎತ್ತಲಿಲ್ಲ. ಹತ್ತು ದಿನದಿಂದ ಆ ದನೀನೂ ನಿಂತೋತು. ಉಸಿರು ಎಲ್ಲಿ ಹಿಡೀಬೇಕು, ಎಲ್ಲಿ ಬಿಡಬೇಕು, ಒಂದೂ ತಿಳೀತಿಲ್ಲ."

ನೀಲಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಾನು ಅವನ ಸದ್ದಿಗೆ ಕಿವಿಯಿಟ್ಟು ಸೊರಗುತ್ತಿದ್ದಾಗ, ಅವನು ತನ್ನ ದನಿಗಾಗಿಯೇ ಸದ್ದು ಬಿಟ್ಟು ಕೂತಿದ್ದ.

ಅಪ್ಪನ ದನಿ ಸ್ವಲ್ಪ ಮೆದುವಾಯಿತು. ಪೈಲ್ವಾನನ ಆಸೆ ಮಾತ್ರ ಇನ್ನೂ ಇಳಿದಿರಲಿಲ್ಲ. "ಎತ್ತೋ ಶಕ್ತಿ ಹೋಗೇತೇನೋ ಅಂತ ಜನ ಅಂದ್ರೆ?"

ಮಹೇಶ್ವರಪ್ಪ ಮೂಲೆಗೆ ಹೋಗಿ ದೊಡ್ಡ ಗದೆಯನ್ನು ಒಂದೇ ಕೈಯಲ್ಲಿ ಎತ್ತಿದ. ತಲೆಯ ಸುತ್ತ ಒಂದು ಸುತ್ತು ತಂದ. ಎದೆ ಏರಲಿಲ್ಲ, ಮೂಗು ಅರಳಲಿಲ್ಲ. ಮಲಗಿದ ಮಗುವನ್ನು ಇಳಿಸುವಂತೆ ಸದ್ದಿಲ್ಲದೆ ನೆಲಕ್ಕಿಟ್ಟ.

"ಆಗಲ್ಲ ಅಂತಲ್ಲ ಮಾವಾ. ಒಲ್ಲೆ, ಅಷ್ಟೇ."

ಮಾವ ಎಂಬ ಮಾತು ಬಾಯಿಂದ ಜಾರಿದ್ದು ಅವನಿಗೆ ತಿಳಿದದ್ದು ಉಸ್ತಾದರು ಕೆಮ್ಮಿದ ಮೇಲೆ. ಕಿವಿಯ ತುದಿಯವರೆಗೂ ಕೆಂಪಾದ. ಅಪ್ಪ ಕಣ್ಣು ಪಿಳುಕಿಸಿದರು. ಮಗಳ ಕಡೆ ತಿರುಗಿದರು. ನೀಲಾ ಹೊಸ್ತಿಲಿನ ಮೇಲೆ ಇನ್ನೂ ಉಳಿದಿದ್ದ ಅರಿಶಿನ ಮಜ್ಜಿಗೆಯ ಕಲೆಯನ್ನು ಬಹಳ ಆಸ್ಥೆಯಿಂದ ನೋಡುತ್ತಿದ್ದಳು.

"ಕರಿಯಣ್ಣ," ಎಂದರು ಅಪ್ಪ ಕೊನೆಗೆ, "ಅವತ್ತು ಇವ್ರ ಮನಿಗೆ ಒಂದು ಮಾತು ಕಳಿಸ್ಬೇಕು ಅಂತಿದ್ನಲ್ಲ."

"ನಾಳೆ ಹೋಗ್ತೀನಿ ಬಿಡು. ಮರಿ ಅಂತ ಸುದ್ದಿ ಹಬ್ಬಿಸಿದ ತಪ್ಪಿಗೆ ನಡ್ಕೊಂಡೇ ಹೋಗ್ತೀನಿ."

ಹಿರಿಯರಿಬ್ಬರೂ ಹೊರಗೆ ಹೋದರು. ಮಹೇಶ್ವರಪ್ಪ ಹೊಸ್ತಿಲಿನವರೆಗೆ ಬಂದ. ಅವನ ಕೈಯಲ್ಲಿ ಒಂದು ಹಿಡಿ ಕೆಮ್ಮಣ್ಣು.

"ಅಜ್ಜಿಗೆ," ಎಂದ. "ಗಡಿಗೆ ತಂದಿಲ್ಲಲ್ಲ."

ನೀಲಾ ಅಂಗೈ ಚಾಚಿದಳು. ಮಣ್ಣು ಸುರಿದ ಮೇಲೂ ಅವನ ಕೈ ಅಲ್ಲೇ ಇತ್ತು. "ನಾಳೆ ಓದ್ತೀರೇನ್ರೀ?"

"ಓದ್ತೀನಿ. ಒಂದು ಸಲ ಲಾಭ ಅಂದ್ರೆ."

"ಅದೇನದು, ಲಾಭ?"

"ಮೂರು ವರ್ಷ ಅದನ್ನ ಕೇಳಿ ಎದ್ದೀನಿ," ಎಂದು ಕೈ ಮುಚ್ಚಿಕೊಂಡು ನೀಲಾ ಮನೆಗೆ ಓಡಿದಳು. ಅವನು ದಂಗಾಗಿ ನಿಂತದ್ದನ್ನು ತಿರುಗಿ ನೋಡದೆಯೇ ಕಂಡಳು.

ಮರುದಿನ ಬೆಳಕು ಹರಿಯುವ ಮೊದಲೇ ಅಜ್ಜಿ ಎದ್ದು ಕೂತಿದ್ದಳು. ನೀಲಾ ಪುಸ್ತಕ ಬಿಚ್ಚಿದಳು. ಗೋಡೆಯ ಆಚೆ ಮೌನ. ಆಮೇಲೆ ಮೆಲ್ಲಗೆ, ಒಂದೇ ಒಂದು ಸಲ, "ಲಾಭ."

ಅವಳು ಪದ್ಯ ಎತ್ತಿದಳು. ಮೊದಲ ಸಾಲು. ಎರಡನೆಯದು. ಮೂರನೆಯದಕ್ಕೆ ಬಂದಾಗ ತುಟಿಯ ಮೂಲೆಯಲ್ಲಿ ನಗು ಬಂತು. ಸಾಲನ್ನು ಎಳೆದಳು. ಎಂದಿಗಿಂತ ಉದ್ದ ಎಳೆದಳು. ಕೊನೆಯ ಅಕ್ಷರವನ್ನು ಬಿಡಲೇ ಇಲ್ಲ, ಸುತ್ತಿಸಿ ಸುತ್ತಿಸಿ ಮತ್ತೆ ಮೇಲಕ್ಕೊಯ್ದಳು.

ಗೋಡೆಯಾಚೆ ಒಂದು ಸಣ್ಣ ಚಡಪಡಿಕೆ. ಚಾಪೆಯ ಸರಪರ. ಅವಳು ಇನ್ನೂ ಎಳೆದಳು.

ಅಜ್ಜಿ ಕೈಚಾಚಿ ಮೊಮ್ಮಗಳ ಮೊಣಕಾಲು ತಟ್ಟಿದಳು.

"ಸಾಕು ಬಿಡವ್ವ ನೀಲಾ. ಪಾಪ, ಆ ಹುಡುಗ ಉಸಿರಾಡಲಿ."